ಮೂರು ಕಥೆ ಹೊಲಿದದ್ದು ಸುಮ್ನೆ ಅಲ್ಲ

ಅಮೆರಿಕದ ಕಾರ್ಟೂನ್ 'ರೋಬೋಟೆಕ್' ಮೂರು ಜಪಾನಿ ಕಾರ್ಟೂನ್ ಸರಣಿಗಳನ್ನು ಕೆಡಿಸಿತು ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಆದರೆ ಕಾರಣವನ್ನೂ ಹೇಳಬೇಕಿತ್ತು, ಅಲ್ವಾ? 1985ರ ಅಮೆರಿಕದಲ್ಲಿ ವಾರಕ್ಕೆ ಐದು ದಿನ ಕಾರ್ಟೂನ್ ಹಾಕಬೇಕಾದರೆ 65 ಕಂತು ಬೇಕಿತ್ತು. ಆ ಮೂರರಲ್ಲಿ ಮೊದಲನೆಯದಾದ 'ಮ್ಯಾಕ್ರಾಸ್'ನಲ್ಲಿ ಇದ್ದದ್ದು 36. ಅದಕ್ಕೇ 'ರೋಬೋಟೆಕ್' ನಿರ್ಮಾಪಕ ಕಾರ್ಲ್ ಮೇಸೆಕ್ ಸಂಬಂಧವೇ ಇಲ್ಲದ ಇನ್ನೆರಡು ಸರಣಿ ಸೇರಿಸಿ, ಮೂರು ತಲೆಮಾರಿನ ಒಂದೇ ಕಥೆ ಮಾಡಿದರು. ಎರಡನೇ ಭಾಗದಲ್ಲಿ ಹೊಲಿಗೆ ಎದ್ದು ಕಾಣುತ್ತದೆ ಬಿಡಿ! ಆದರೂ ಮೊದಲ ಭಾಗದ ಪೈಲಟ್ ರಾಯ್ ಫೋಕರ್ ಸಾವನ್ನು ಅವರು ಮುಚ್ಚಿಡಲಿಲ್ಲ. ಹಿಂದಿನ ವರ್ಷ, ಜಪಾನಿನ 'ಗೋಲಯನ್' ಸರಣಿಯನ್ನು ಬದಲಿಸಿ ಅಮೆರಿಕದಲ್ಲಿ ತಂದ 'ವೋಲ್ಟ್ರಾನ್' ನೋಡಿ. 'ಗೋಲಯನ್'ನಲ್ಲಿ ಸಾಯುವ, ನೀಲಿ ಸಿಂಹದ ಆಕಾರದ ರೋಬೋಟಿನ ಪೈಲಟ್‌ಗೆ ಇಲ್ಲಿ ಬರೀ ಗಾಯ, ಸೀದಾ ಆಸ್ಪತ್ರೆಗೆ! ನನಗೆ ಜಾಸ್ತಿ ಸಿಟ್ಟಿರುವುದು ಅದರ ಮೇಲೆ.