ನಿಜ್ವಾದ ಸಂತೆ, ಬೀದರಿನ ಬಜಾರು

ಮಸ್ಕತ್‌ನಲ್ಲಿರುವ ನಮ್ಮವರು ಒಮಾನಿನ ಹಳೇ ಊರು ನಿಜ್ವಾ ನೋಡುವ ರೀತಿ ನನಗೀಗ ಬಾಯಿಪಾಠ. ಶುಕ್ರವಾರ ಒಂಬತ್ತರ ಮೇಲೆ ಆರಾಮಾಗಿ ಹೊರಡುವುದು. ಡಬ್ಬಿಯಲ್ಲಿ ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಒಂದೂವರೆ ಗಂಟೆ ಹೈವೇಯಲ್ಲಿ ಗಾಡಿ ಓಡಿಸಿ ಕೋಟೆ ಹತ್ತಿರ ನಿಲ್ಲಿಸುವ ಹೊತ್ತಿಗೆ ಸಂತೆ ಮುಗಿದಿರುತ್ತದೆ, ಅಂಗಡಿಯವರು ಜುಮ್ಮಾ ನಮಾಜಿಗೆ ಬಾಗಿಲು ಹಾಕಿರುತ್ತಾರೆ. ಕೋಟೆ ತೆರೆಯುವವರೆಗೆ ಕಾರಿನೊಳಗೆ ಎಸಿ ಹಾಕಿಕೊಂಡು ಕೂರುವುದು, ಆಮೇಲೆ ಗೋಪುರದ ಮೇಲೆ ನಾಲ್ಕು ಫೋಟೊ, ಕೆಳಗೆ ಬಂದು ಒಂದು ಫ್ರಿಜ್ ಮ್ಯಾಗ್ನೆಟ್, ಅಲ್ಲಿಂದ ಸೀದಾ ಜಬಲ್ ಅಖ್ದರ್ ಬೆಟ್ಟ. ಸೋಮವಾರ ಕೇಳಿದರೆ "ನಿಜ್ವಾದಲ್ಲಿ ಎಂತ ಉಂಟು ಮಾರಾಯ್ರೇ, ಒಂದು ಕೋಟೆ ಅಷ್ಟೇ" ಅನ್ನುತ್ತಾರೆ.

ನಾನು ಬೀದರ್ ಕಡೆಯವನು. ಬೆಂಗಳೂರಿನಿಂದ ನಮ್ಮೂರಿಗೆ ಬಂದವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೋಟೆ, ಗವಾನ್ ಮದರಸಾ, ಗುರುದ್ವಾರ, ವಾಪಸ್. ಅದಕ್ಕೇ ಈ "ಕೋಟೆ ಅಷ್ಟೇ" ಅನ್ನುವ ಮಾತು ನನಗೆ ಸ್ವಲ್ಪ ಜಾಸ್ತಿ ಚುಚ್ಚುತ್ತದೆ. ಯಾಕೆಂದರೆ ನಿಜ್ವಾ ಮತ್ತು ಬೀದರ್, ಎರಡೂ ಒಂದು ಕಾಲದ ರಾಜಧಾನಿಗಳು, ಎರಡಕ್ಕೂ ಇರುವ ಸಾಮಾನು ಒಂದೇ: ಕೋಟೆ, ನೆಲದಡಿಯಲ್ಲಿ ಹರಿದು ಬರುವ ನೀರು, ಬೆಳ್ಳಿ ಕೆಲಸದವರು, ಜಾನುವಾರು ವ್ಯಾಪಾರ, ಬಜಾರು. ವ್ಯತ್ಯಾಸ ಎಲ್ಲಿ ಅಂದರೆ, ನಿಜ್ವಾದಲ್ಲಿ ಇವೆಲ್ಲ ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಬದುಕಿವೆ. ನಾವು ಬೀದರ್‌ನಲ್ಲಿ ಒಂದೊಂದನ್ನೂ ಬಿಡಿಸಿ ಬೇರೆಬೇರೆ ಕಡೆ ಇಟ್ಟಿದ್ದೇವೆ. ಕಾರಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ, ಕಾಲಿನಲ್ಲಿ ಸುತ್ತಿದವರಿಗೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೋಟೆ ಕೆಳಗಿನ ಆಡಿನ ಸಂತೆಗೆ ಬನ್ನಿ. ನಡುವೆ ಸೂರು ಹಾಕಿದ ಗುಂಡನೆಯ ಕಟ್ಟೆ, ಅದರ ಸುತ್ತ ಓಡಾಡಲು ಒಂದು ದಾರಿ, ದಾರಿಯ ಆಚೆಗೂ ಈಚೆಗೂ ಕೊಳ್ಳುವವರ ಸಾಲು. ಮಾರುವವರು ಆಡಿನ ಹಗ್ಗ ಹಿಡಿದು ಈ ದಾರಿಯಲ್ಲಿ ಸುತ್ತು ಹೊಡೆಯುತ್ತಾರೆ, ಮರಿಗಳನ್ನಾದರೆ ಬಗಲಲ್ಲಿ ಎತ್ತಿಕೊಂಡೇ ಬರುತ್ತಾರೆ, ಬರುತ್ತಾ ರೇಟು ಕೂಗುತ್ತಾರೆ. ಖಮ್ಸೀನ್, ಖಮ್ಸೀನ್. ಅಂದರೆ ಐವತ್ತು ರಿಯಾಲ್. ಕೂತವನೊಬ್ಬ ಕೈಚಾಚಿ ಆಡನ್ನು ತಡೆಯುತ್ತಾನೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಬೆನ್ನ ಮೂಳೆ ಒತ್ತುತ್ತಾನೆ, ಹೆಣ್ಣಾಡಾದರೆ ಕೆಚ್ಚಲು ಮುಟ್ಟುತ್ತಾನೆ, ತಲೆ ಅಲ್ಲಾಡಿಸಿ ಬಿಟ್ಟುಬಿಡುತ್ತಾನೆ. ಮಾರುವವ ಮುಖ ಗಂಟು ಹಾಕಿಕೊಳ್ಳುವುದಿಲ್ಲ, ಮುಂದೆ ಹೋಗಿ ಮತ್ತೆ ಅದೇ ಕೂಗು. ಊರಿನ ತಳಿಯ ಒಳ್ಳೇ ಆಡು ನೂರು ರಿಯಾಲ್ ದಾಟುವುದು ಮಾಮೂಲು, ಸೊಮಾಲಿಯಾದಿಂದ ಹಡಗಿನಲ್ಲಿ ಬಂದದ್ದು ಅದಕ್ಕಿಂತ ಅಗ್ಗ. ಯಾವುದು ಎಲ್ಲಿಯದು ಅಂತ ಅಲ್ಲಿಯ ಹುಡುಗರಿಗೂ ದೂರದಿಂದಲೇ ಗೊತ್ತಾಗುತ್ತದೆ.

ಈಗ ನಮ್ಮ ಕಡೆಯ ದನದ ಸಂತೆ ನೆನಪಿಸಿಕೊಳ್ಳಿ. ಹೆಗಲ ಮೇಲಿನ ಟವೆಲ್ಲು ಇಳಿಸಿ ಅದರ ಕೆಳಗೆ ದಲ್ಲಾಳಿ ಮತ್ತು ಗಿರಾಕಿ ಕೈಕೈ ಹಿಡಿದುಕೊಂಡು ಬೆರಳು ಒತ್ತುತ್ತಾರೆ. ಇಷ್ಟು ಬೆರಳು ಅಂದರೆ ಇಷ್ಟು ಸಾವಿರ. ಮುಖದ ಮೇಲೆ ಏನೂ ಇಲ್ಲ, ಬಾಯಲ್ಲಿ ಮಳೆ ಬೆಳೆ ಮಾತು. ದೇವಣಿ ಎತ್ತಿನ ಜೋಡಿ ಕೈಬದಲಾಗಿರುತ್ತದೆ, ಪಕ್ಕದಲ್ಲಿ ನಿಂತವನಿಗೆ ರೇಟು ಗೊತ್ತಾಗಿರುವುದಿಲ್ಲ, ಎಷ್ಟೋ ಸಲ ಎತ್ತಿನ ಮಾಲೀಕನಿಗೂ ಪೂರ್ತಿ ಗೊತ್ತಾಗಿರುವುದಿಲ್ಲ. ಇದರಲ್ಲಿ ಒಂದು ಮಜಾ ಇದೆ, ಇಲ್ಲ ಅನ್ನಲ್ಲ. ಒಬ್ಬನ ಕಷ್ಟ ಊರಿಗೆಲ್ಲ ಗೊತ್ತಾಗದೆ ಮುಚ್ಚಿಹೋಗುತ್ತದೆ, ಅದೂ ನಿಜ. ಆದರೂ ನನಗೆ ನಿಜ್ವಾದ ಪದ್ಧತಿಯೇ ಸರಿ ಅನಿಸುತ್ತದೆ. ರೇಟು ಎಲ್ಲರ ಕಿವಿಗೆ ಬೀಳಬೇಕು. ಮೊದಲ ಸಲ ಆಡು ಕೊಳ್ಳಲು ಬಂದ ಹುಡುಗನಿಗೆ, ಹತ್ತು ನಿಮಿಷ ಸುಮ್ನೆ ಕೂತು ಕೇಳಿಸಿಕೊಂಡರೆ ಆವತ್ತಿನ ಬಜಾರು ಎಷ್ಟಕ್ಕೆ ನಡೀತಿದೆ ಅಂತ ಅಂದಾಜಾಗಬೇಕು. ಇನ್ನೊಂದು ಮಾತು, ಅಲ್ಲಿ ಮುಖವಾಡ ಕಟ್ಟಿದ ಬೆದೂಯಿನ್, ಅಂದರೆ ಮರುಭೂಮಿಯ ಅಲೆಮಾರಿ ಬುಡಕಟ್ಟಿನ, ಹೆಂಗಸರು ಗಂಡಸರ ಸಾಲಿನಲ್ಲೇ ಕೂತು ಗಟ್ಟಿ ದನಿಯಲ್ಲಿ ಚೌಕಾಸಿ ಮಾಡುತ್ತಾರೆ. ಗಲ್ಫ್ ಅಂದರೆ ಹೆಂಗಸರು ಮನೆಯೊಳಗೆ ಅಂತ ಮಾತಾಡುವ ನಮ್ಮವರು ನಮ್ಮ ದನದ ಸಂತೆಯಲ್ಲಿ ವ್ಯಾಪಾರ ಕುದುರಿಸುವ ಹೆಂಗಸರು ಎಷ್ಟಿದ್ದಾರೆ ಅಂತ ಒಮ್ಮೆ ನೋಡಲಿ.

ಆಡನ್ನು ಕಾಲು ಕಟ್ಟಿ ಪಿಕಪ್ಪಿನ ಹಿಂದೆ ಎಸೆಯುವ ರೀತಿ ಮಾತ್ರ ನೋಡೋಕಾಗಲ್ಲ. ಆ ವಿಷಯದಲ್ಲಿ ಇಬ್ಬರೂ ಸರಿಸಮ.

ಅಲ್ಲಿಂದ ಎರಡು ಹೆಜ್ಜೆಗೆ ಖರ್ಜೂರದ ಸಾಲು. ಖಲಾಸ್, ಖುನೈಝಿ, ಫರ್ದ್, ಬೇಸಿಗೆಯಲ್ಲಾದರೆ ಎಲ್ಲಕ್ಕಿಂತ ಮೊದಲು ಹಣ್ಣಾಗುವ ನಗಾಲ್. ಅಂಗಡಿಯವನು ಕೂಗುವುದಿಲ್ಲ, ಕೈಹಿಡಿದು ಎಳೆಯುವುದಿಲ್ಲ. ತಟ್ಟೆ ಮುಂದೆ ತಳ್ಳುತ್ತಾನೆ, ಕುಡಿಕೆಯಷ್ಟು ಚಿಕ್ಕ ಕಪ್ಪಿನಲ್ಲಿ ಕಹ್ವಾ ಬಗ್ಗಿಸುತ್ತಾನೆ. ಏಲಕ್ಕಿ ಹಾಕಿದ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲು ಖರ್ಜೂರ ಬಾಯಿಗೆ ಹಾಕಿಕೊಂಡು ಆಮೇಲೆ ಕಹ್ವಾ ಕುಡಿಯಬೇಕು, ಬಲಗೈಯಲ್ಲೇ ಹಿಡಿಯಬೇಕು, ಸಾಕು ಅನಿಸಿದರೆ ಕಪ್ಪನ್ನು ಎರಡು ಸಲ ಅಲ್ಲಾಡಿಸಿ ವಾಪಸ್ ಕೊಡಬೇಕು. ಅಲ್ಲಾಡಿಸದಿದ್ದರೆ ಬಗ್ಗಿಸುತ್ತಲೇ ಇರುತ್ತಾನೆ. ನೀವು ಏನೂ ಕೊಳ್ಳದೆ ಎದ್ದರೂ ಅವನಿಗೆ ಬೇಜಾರಿಲ್ಲ. ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಇದು ಮೊದಲು ಕಷಾಯ ಅನಿಸುತ್ತದೆ, ಖರ್ಜೂರದ ಸಿಹಿ ಮೇಲೆ ಕುಡಿದಾಗ ಲೆಕ್ಕ ಸರಿಹೋಗುತ್ತದೆ.

ಇದೇ ಸಾಲಿನಲ್ಲಿ ನಮ್ಮವರು ಗುರುತಿಸಬೇಕಾದದ್ದು ಒಂದಿದೆ. ಮಬ್ಸಲಿ ಅನ್ನುವ ತಳಿಯ ಖರ್ಜೂರವನ್ನು ಹಣ್ಣಾಗುವ ಮೊದಲೇ ಕಿತ್ತು, ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಒಮಾನಿನಲ್ಲಿ ಇದನ್ನು ತಿನ್ನುವವರು ಕಡಿಮೆ. ತಲೆತಲಾಂತರದಿಂದ ಇದರ ದೊಡ್ಡ ಗಿರಾಕಿ ಇಂಡಿಯಾ. ಹೌದು, ಉತ್ತತ್ತಿ. ಬಾಣಂತಿಗೆ ಕಟ್ಟುವ ಅಂಟಿನುಂಡಿಗೆ ಕೊಬ್ಬರಿ, ಅಂಟು, ಬೆಲ್ಲದ ಜೊತೆ ಅಮ್ಮಂದಿರು ಕುಟ್ಟಿ ಹಾಕುವ ಉತ್ತತ್ತಿ. ಮಂಗಳೂರು, ಬಸ್ರೂರು ಕಡೆಯಿಂದ ಅಕ್ಕಿ ಮಸ್ಕತ್ತಿಗೆ ಹೋಗುತ್ತಿದ್ದ ಕಾಲದಿಂದಲೂ ಈ ಕೊಡುಕೊಳ್ಳುವಿಕೆ ಇದೆ, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. 1970ರವರೆಗೆ ಒಮಾನಿನಲ್ಲಿ ಓಡುತ್ತಿದ್ದದ್ದು ಕೂಡ ಭಾರತದ ರಿಸರ್ವ್ ಬ್ಯಾಂಕು ಛಾಪಿಸಿದ ಗಲ್ಫ್ ರೂಪಾಯಿ. ನಾವು ಇಲ್ಲಿಗೆ ಬಂದದ್ದು ಪೆಟ್ರೋಲ್ ಸಿಕ್ಕಮೇಲೆ ಅಂತ ಅಂದುಕೊಂಡಿದ್ದೇವೆ, ಅಷ್ಟೇ.

ಕೋಟೆಗೂ ಹೋಗಿ, ಬೇಡ ಅನ್ನಲ್ಲ. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಹನ್ನೆರಡು ವರ್ಷ ಹಿಡಿದು ಕಟ್ಟಿಸಿದ್ದು. ಆದರೆ ಗೋಪುರ ಹತ್ತುವ ಆತುರದಲ್ಲಿ ಖರ್ಜೂರದ ಕೋಣೆ ಬಿಟ್ಟುಬಿಡಬೇಡಿ. ನೆಲದುದ್ದಕ್ಕೂ ಸಾಲುಸಾಲು ಕಾಲುವೆ ಕೊರೆದಿದ್ದಾರೆ. ಖರ್ಜೂರದ ಮೂಟೆಗಳನ್ನು ಆಳೆತ್ತರಕ್ಕೆ ಒಂದರ ಮೇಲೊಂದು ಒಟ್ಟಿಟ್ಟರೆ, ತಮ್ಮದೇ ಭಾರಕ್ಕೆ ಕೆಳಗಿನ ಮೂಟೆಗಳಿಂದ ಪಾಕ ಜಿನುಗಿ ಈ ಕಾಲುವೆಗಳಲ್ಲಿ ಇಳಿದು ಒಂದು ಮೂಲೆಯ ಗುಂಡಿಗೆ ಸೇರುತ್ತಿತ್ತು. ಊಟಕ್ಕೂ ಅದೇ. ಶತ್ರು ಬಂದರೆ ಅದನ್ನೇ ಕುದಿಸಿ, ಮೆಟ್ಟಿಲ ಮೇಲಿನ ಬಾಗಿಲುಗಳ ನೆತ್ತಿಗೆ ಬಿಟ್ಟಿರುವ ಕಂಡಿಗಳಿಂದ ಸುರಿಯುವುದು. ಗೋಪುರದ ಮೇಲೆ ನಿಂತು ನೋಡಿದರೆ ಸುತ್ತ ಖರ್ಜೂರದ ತೋಟ. ಅಲ್ಲಿಂದ ಬಜಾರು, ಬಜಾರಿನಿಂದ ಈ ಕೋಣೆ. ಎಲ್ಲ ಕಾಲ್ನಡಿಗೆಯ ಅಳತೆಯಲ್ಲೇ ಇದೆ.

ಇದನ್ನೆಲ್ಲ ಹಿಡಿದಿಟ್ಟಿರುವುದು ನೀರು. ಫಲಜ್ ದಾರಿಸ್. ಬೆಟ್ಟದ ಬುಡದಲ್ಲಿ ನೆಲದಾಳದ ನೀರು ಹುಡುಕಿ, ಸುರಂಗ ತೋಡಿ, ಪಂಪಿಲ್ಲದೆ ಬರೀ ಇಳಿಜಾರಿನ ಲೆಕ್ಕದಲ್ಲಿ ಊರಿಗೆ ತಂದಿರುವ ಕಾಲುವೆ. ಒಮಾನಿನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು, ಅದರಲ್ಲಿ ಇದೂ ಒಂದು. ನೀರು ಊರಿಗೆ ಬಂದ ಕಡೆ ಮೊದಲು ಕುಡಿಯಲು, ಅದರ ಕೆಳಗೆ ಮಸೀದಿಗೆ, ಸ್ನಾನಕ್ಕೆ, ಆಮೇಲೆ ತೋಟಗಳಿಗೆ. ತೋಟದ ನೀರು ಪಾಲು ಪಾಲಾಗಿ ಹಂಚಿರುತ್ತದೆ, ಒಂದು ಪಾಲು ಅಂದರೆ ಸುಮಾರು ಅರ್ಧ ಗಂಟೆ. ಪಾಲನ್ನು ಅಪ್ಪನಿಂದ ಮಗ ಪಡೆಯಬಹುದು, ಮಾರಬಹುದು, ಬಾಡಿಗೆಗೆ ಕೊಡಬಹುದು. ಫಲಜ್‌ನ ಹೆಸರಿನಲ್ಲೇ ಕೆಲವು ಪಾಲು ಇರುತ್ತವೆ, ಅವನ್ನು ಹರಾಜು ಹಾಕಿ ಬಂದ ದುಡ್ಡಲ್ಲಿ ರಿಪೇರಿ. ಸರ್ಕಾರವೂ ದುಡ್ಡು ಹಾಕುತ್ತದೆ, ಆದರೆ ನೀರು ಯಾರದ್ದು ಅಂತ ಕೇಳಿದರೆ ಊರವರ ಹತ್ತಿರ ಉತ್ತರ ಇದೆ.

ಬೀದರಿನ ನೌಬಾದ್ ಹತ್ತಿರ ಇದೇ ತಂತ್ರದ ಕಾರೇಜ್ ಇದೆ ಅಂತ ಬೀದರಿನ ಎಷ್ಟು ಜನಕ್ಕೆ ಗೊತ್ತು? ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಜಂಬಿಟ್ಟಿಗೆ ಕಲ್ಲು ಕೊರೆದು ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಮಾಡಿದ ಸುರಂಗ, ನಡುನಡುವೆ ಬಾವಿಯಂಥ ಗಾಳಿಗಂಡಿಗಳು. ಎಷ್ಟೋ ವರ್ಷ ಗಂಡಿಗಳಿಗೆ ಕಸ ಸುರಿದೆವು, ಕೆಲವನ್ನು ಮುಚ್ಚಿಯೇಬಿಟ್ಟೆವು. ಆಮೇಲೆ ಹೂಳೆತ್ತಿ ಸ್ವಚ್ಛ ಮಾಡಿದರು, ಒಳ್ಳೇ ಕೆಲಸ. ಆದರೆ ಅದು ಈಗ ನೋಡುವ ಜಾಗ, ಬಳಸುವ ಜಾಗ ಅಲ್ಲ. ಅದರ ನೀರಲ್ಲಿ ಪಾಲುದಾರರಿಲ್ಲ. ಪಾಲಿಲ್ಲದವನು ಹೂಳು ಬಿದ್ದರೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ? ಹಾಗಂತ ಇದು ಕನ್ನಡದವರಿಗೆ ಗೊತ್ತಿಲ್ಲದ ಪದ್ಧತಿ ಏನಲ್ಲ. ಹಳೇ ಮೈಸೂರು ಕಡೆ ಕೆರೆ ನೀರನ್ನು ಸರದಿ ಪ್ರಕಾರ ಬಿಡುತ್ತಿದ್ದ ನೀರುಗಂಟಿ ಮಾಡುತ್ತಿದ್ದದ್ದು ಇದೇ ಕೆಲಸ, ಊರವರೇ ಅವನಿಗೆ ಕಾಳು ಕೊಡುತ್ತಿದ್ದರು. ಬೋರ್‌ವೆಲ್ ಬಂತು, ನೀರುಗಂಟಿ ಹೋದ.

ಹೊಗಳಿದ್ದು ಜಾಸ್ತಿ ಆಯ್ತು ಅನಿಸಬಹುದು. ತಿನ್ನುವ ವಿಷಯಕ್ಕೆ ಬಂದರೆ ಬೀದರ್‌ಗೇ ನನ್ನ ಓಟು.

ಬೀದರ್‌ನಲ್ಲಿ ಯಾವ ಖಾನಾವಳಿಗೆ ನುಗ್ಗಿದರೂ ಆ ನೆಲದ ಊಟ ಸಿಗುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಹಸಿ ಈರುಳ್ಳಿ. ನಿಜ್ವಾದಲ್ಲಿ ಒಮಾನಿ ಊಟವನ್ನು ಹುಡುಕಬೇಕು. ಬಜಾರಿನ ಸುತ್ತ ಇರುವ ಹೋಟೆಲುಗಳಲ್ಲಿ ಕೇರಳದವರ ಪರೋಟ, ಬಾಂಗ್ಲಾದವರ ಬಿರಿಯಾನಿ, ಟರ್ಕಿ ಹೆಸರಿನ ಗ್ರಿಲ್. ಒಮಾನಿಗಳ ನಿಜವಾದ ಅಡುಗೆ ಮನೆಯೊಳಗೆ, ಅದೂ ಹಬ್ಬಕ್ಕೆ. ಶುವಾ ಅನ್ನುವುದನ್ನೇ ತಗೊಳ್ಳಿ. ಮಸಾಲೆ ಸವರಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ಚೀಲದಲ್ಲಿ ಕಟ್ಟಿ, ಕೆಂಡದ ಗುಂಡಿಗೆ ಇಳಿಸಿ ಮುಚ್ಚಿ, ಒಂದು ದಿನ ಎರಡು ದಿನ ಬಿಟ್ಟು ತೆಗೆಯುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಕೇರಿಗೆಲ್ಲ ಒಂದೇ ಗುಂಡಿ, ಯಾರ ಚೀಲ ಯಾರದ್ದು ಅಂತ ಗುರುತು ಹಾಕಿ ಬಿಡುತ್ತಾರೆ. ಹೋಟೆಲಿನಲ್ಲಿ ಶುವಾ ಅಂತ ಬೋರ್ಡು ಹಾಕಿ ಕೊಡುವುದಕ್ಕೂ ಈದ್ ದಿನ ಯಾರಾದರೂ ಮನೆಗೆ ಕರೆದು ಬಡಿಸುವುದಕ್ಕೂ ಸಂಬಂಧವೇ ಇಲ್ಲ. ಗೋಧಿ ಮತ್ತು ಮಾಂಸ ಬೇಯಿಸಿ ಕುಟ್ಟುವ ಹರೀಸ್ ಮಾತ್ರ ನನಗೆ ಹೊಸದಾಗಿರಲಿಲ್ಲ. ನಿಜಾಮರ ಸೈನ್ಯದಲ್ಲಿದ್ದ ಅರಬರ ಮೂಲಕ ಹೈದರಾಬಾದಿಗೆ ಬಂದು, ಮಸಾಲೆ ಹತ್ತಿಸಿಕೊಂಡು ಹಲೀಂ ಆದದ್ದು ಇದೇ. ರಂಜಾನಿನಲ್ಲಿ ಬೀದರ್ ಬಜಾರಿನಲ್ಲಿ ಹಲೀಂ ತಿಂದವರಿಗೆ ಹರೀಸ್ ಸಪ್ಪೆ ಅನಿಸುತ್ತದೆ. ನನಗೂ ಅನಿಸಿತು.

ಮಾಂಸ ತಿನ್ನದವರು ಹೆದರಬೇಕಿಲ್ಲ. ಬೆಳಿಗ್ಗೆ ರಖಾಲ್ ರೊಟ್ಟಿ ಮಾಡುವವರನ್ನು ಹುಡುಕಿ. ಮೆತ್ತನೆ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ಕಾದ ಹೆಂಚಿನ ಮೇಲೆ ಒತ್ತಿ ಸವರುತ್ತಾ ಹೋಗುತ್ತಾರೆ, ಹಿಟ್ಟಿನ ತೆಳ್ಳನೆ ಪೊರೆಯಷ್ಟೇ ಹೆಂಚಿಗೆ ಅಂಟುತ್ತದೆ, ಮುದ್ದೆ ಕೈಯಲ್ಲೇ ಉಳಿಯುತ್ತದೆ. ಅಂಚು ಎದ್ದ ಕೂಡಲೇ ಕೆರೆದು ತೆಗೆದು ಜೇನು ಅಥವಾ ಚೀಸ್ ಹಚ್ಚಿ ಮಡಿಚಿ ಕೊಡುತ್ತಾರೆ, ನೀರ್ ದೋಸೆಯಷ್ಟು ತೆಳು, ಆದರೆ ಗರಿಗರಿ. ಈಗಿನ ಹುಡುಗರು ಚೀಸ್ ಜೊತೆ ಒಮಾನ್ ಚಿಪ್ಸ್ ಪುಡಿ ಮಾಡಿ ಹಾಕಿಸಿಕೊಳ್ಳುತ್ತಾರೆ, ಹೇಳೋಕೆ ನಾಚಿಕೆ, ಅದೇ ನನಗೂ ಇಷ್ಟ. ಖಾರ ಹಾಕಿ ಬೇಯಿಸಿದ ಕಡಲೆ ಸಿಗುತ್ತದೆ, ದಂಗೋ ಅಂತಾರೆ. ಹಲ್ವಾ ಅಂಗಡಿಯಲ್ಲಿ ನಿಂತು ನೋಡಿ. ಪಿಷ್ಟ, ಸಕ್ಕರೆ, ತುಪ್ಪ, ಕೇಸರಿ, ಏಲಕ್ಕಿ, ಜಬಲ್ ಅಖ್ದರಿನ ಗುಲಾಬಿ ನೀರು. ತಾಮ್ರದ ಕಡಾಯಿಯಲ್ಲಿ ಉದ್ದ ಹಿಡಿಯ ಸೌಟು ಹಾಕಿ ಎರಡು ಗಂಟೆಗೂ ಜಾಸ್ತಿ ಕೈ ಬಿಡದೆ ತಿರುವುತ್ತಾರೆ. ಆ ತಿರುವುವ ಕೈ ಬಹಳ ಕಡೆ ನಮ್ಮ ಉಪಖಂಡದವರದ್ದೇ, ಅದನ್ನೂ ಹೇಳಬೇಕು ಅಲ್ವಾ.

ಬೆಳ್ಳಿಯ ವಿಷಯದಲ್ಲೂ ಬೀದರ್ ಮುಂದೆ. ನಿಜ್ವಾ ಖಂಜರ್‌ಗೆ ಹೆಸರುವಾಸಿ. ಒಮಾನಿನ ಬಾವುಟದ ಮೇಲೇ ಇರುವ ಬಾಗಿದ ಬಾಕು ಅದು. ಆದರೆ ಬಜಾರಿನಲ್ಲಿ ಗಾಜಿನ ಕಪಾಟಿನೊಳಗಿನ ಮಾಲು ನೋಡಬಹುದು, ಮಾಡುವವನು ಕಣ್ಣಿಗೆ ಬೀಳುವುದು ಅಪರೂಪ, ಅಗ್ಗದ ಸಾಮಾನಿನಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಬಂದದ್ದು. ಬೀದರ್‌ನಲ್ಲಿ ಊರ ನಡುವಿನ ಹಳೇ ಗೋಪುರ ಚೌಬಾರಾದಿಂದ ನಡೆದರೆ ಬಿದ್ರಿ ಅಂಗಡಿಯಲ್ಲೇ ಕೂತು ಸತು-ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಬಡಿಯುವವರು ಸಿಗುತ್ತಾರೆ, ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿ ಕಪ್ಪು ಮಾಡುವುದನ್ನು ಕೇಳಿದರೆ ಮಾಡಿ ತೋರಿಸುತ್ತಾರೆ. ನಿಜ್ವಾದ ಬಜಾರನ್ನು 1990ರ ದಶಕದಲ್ಲಿ ಹೊಸದಾಗಿ ಕಟ್ಟಿ ಒಂದೇ ಮಣ್ಣಿನ ಬಣ್ಣ ಬಳಿದಿದ್ದಾರೆ, ಕೆಲವು ಸಾಲುಗಳು ಸ್ವಲ್ಪ ಅತಿಯಾಗಿಯೇ ನೀಟು. ಅದಕ್ಕೇ ಅಲ್ಲಿಗೇ ನಿಲ್ಲದೆ ಅದರ ಹಿಂದಿರುವ ಅಲ್ ಅಕ್ರ್ ಅನ್ನುವ ಹಳೇ ಕೇರಿಯ ಓಣಿಗಳಿಗೆ ನುಗ್ಗಬೇಕು. ಮಣ್ಣಿನ ಮನೆಗಳು, ಕೆಲವು ಬಿದ್ದಿವೆ, ಕೆಲವನ್ನು ಊರಿನ ಹುಡುಗರೇ ರಿಪೇರಿ ಮಾಡಿ ಕೆಫೆ, ತಂಗುವ ಮನೆ ಮಾಡಿದ್ದಾರೆ.

ಹೋಗುವವರು ಗುರುವಾರ ರಾತ್ರಿಯೇ ಹೋಗಿ ಈ ಓಣಿಗಳಲ್ಲೇ ಉಳಿದುಕೊಳ್ಳಿ. ಸಂಜೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಮಾಂಸ, ಮಿಶ್ಕಾಕ್, ಸಿಗುತ್ತದೆ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎದ್ದರೂ ಸಂತೆಗೆ ನಡೆದೇ ಹೋಗಬಹುದು. ಮೈ ತುಂಬ ಬಟ್ಟೆ ಇರಲಿ, ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ, ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಆಡಿನ ಸಂತೆ ಒಂಬತ್ತಕ್ಕೆಲ್ಲ ತೆಳ್ಳಗಾಗುತ್ತದೆ, ಹನ್ನೊಂದರ ಸುಮಾರಿಗೆ ಅಂಗಡಿಗಳೂ ಮುಚ್ಚುತ್ತವೆ, ಅಷ್ಟರೊಳಗೆ ಉತ್ತತ್ತಿ ತಗೊಂಡುಬಿಡಿ. ಹಲ್ವಾ ಮಾತ್ರ ಎಲ್ಲಕ್ಕಿಂತ ಕೊನೆಗೆ, ಡಬ್ಬಿ ಭಾರ, ಅದನ್ನು ಹೊತ್ತುಕೊಂಡು ಗೋಪುರ ಹತ್ತೋಕಾಗಲ್ಲ.