ಇನ್ನೊಂದು ಕಾಗದ ತನ್ನಿ ಅನ್ನುವ ಮೊದಲು

ಮೊನ್ನೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ಎದುರು ಇಬ್ಬರು ಹುಡುಗರಿಗೆ ಜೋರು ವಾದ. ಇಬ್ಬರೂ ನನ್ನ ಹಳೆ ಶಿಷ್ಯರು. ಆರೋಗ್ಯದಲ್ಲಿ ಕೇರಳ ದೇಶಕ್ಕೇ ಮೊದಲು, ಬೇಕಾದರೆ ನೀತಿ ಆಯೋಗದ ಪಟ್ಟಿ ನೋಡು ಅಂತ ಒಬ್ಬ. ಹಾಗಾದರೆ ನಿನ್ನ ಅಜ್ಜಿಯನ್ನು ಮಂಗಳೂರಿಗೆ ಯಾಕೆ ಕರ್ಕೊಂಡು ಹೋದದ್ದು ಅಂತ ಇನ್ನೊಬ್ಬ. ನನ್ನನ್ನು ನೋಡಿ, "ಮಾಷ್ಟ್ರೇ, ನೀವೇ ಹೇಳಿ" ಅಂದರು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಕೂತೆ. ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ. ಆವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಓದಿ.

ಇಬ್ಬರು ಹೇಳಿದ್ದೂ ಸತ್ಯವೇ. 2021ರಲ್ಲಿ ನೀತಿ ಆಯೋಗದ ಆರೋಗ್ಯ ಸೂಚ್ಯಂಕ ಬಂದಾಗ ದೊಡ್ಡ ರಾಜ್ಯಗಳ ಪೈಕಿ ಕೇರಳವೇ ಮೊದಲು ಇತ್ತು. ಹಾಗೆಯೇ ಎದೆನೋವು ಬಂದರೆ ನಮ್ಮ ಕಾಸರಗೋಡಿನವರು ಇವತ್ತಿಗೂ ಮೊದಲು ಮುಖ ಮಾಡುವುದು ಮಂಗಳೂರಿನ ಕಡೆಗೇ. ಎರಡೂ ನಿಜ ಆಗಿರುವಾಗ ಯಾರು ಗೆದ್ದರು ಅಂತ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಸರಕಾರಕ್ಕೆ ಸಾಮರ್ಥ್ಯ ಇದೆಯಾ, ಕರುಣೆ ಇದೆಯಾ ಅಂತ ಕೇಳಿದರೆ ನನಗೆ ನೆನಪಾಗುವುದು ನೆರೆಮನೆಯ ಅಕ್ಕ ಮತ್ತು ಅವರ ಮಗ.

ಮಗನಿಗೆ ಈಗ ಮೂವತ್ತು ದಾಟಿದೆ. ಹುಟ್ಟಿದಂದಿನಿಂದ ಎದ್ದು ಕೂತವನಲ್ಲ. ಮಾತಿಲ್ಲ. ಕೈ ಎರಡೂ ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ಗಂಜಿಯನ್ನು ನುಣ್ಣಗೆ ಅರೆದು, ತಲೆ ಎತ್ತಿ ಹಿಡಿದು, ಚಮಚದಲ್ಲಿ ಹಾಕಬೇಕು. ಒಂದು ಹೊತ್ತಿನ ಊಟಕ್ಕೆ ಮುಕ್ಕಾಲು ಗಂಟೆ. ಮನೆಯ ಹಿಂದಿನ ಗುಡ್ಡೆ ಹತ್ತಿದರೆ ಆಚೆ ಗೇರು ತೋಟ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಗೊತ್ತಾಗುತ್ತದೆ. ದೂರದವರಿಗೆ ಹೇಳುತ್ತೇನೆ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸರಕಾರದ್ದೇ ಸಂಸ್ಥೆ. ಅದರ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅದು ಮದ್ದು. ಸಿಂಪಡಣೆಗೆ ಮೊದಲು ಬಾವಿಗಳಿಗೆ ಮುಚ್ಚಳ ಹಾಕಿ ಅಂತ ಜನರಿಗೆ ಸೂಚನೆ ಕೊಡುತ್ತಿದ್ದರು. ಈ ಸೂಚನೆಯ ಬಗ್ಗೆ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಎಣ್ಮಕಜೆ, ಪಡ್ರೆ ಕಡೆ ಎಷ್ಟೋ ಮನೆಗಳಿಗೆ ನೀರು ಬರುವುದು ಸುರಂಗದಿಂದ. ಗುಡ್ಡೆಯ ಹೊಟ್ಟೆ ಕೊರೆದು ತೆಗೆದ ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ದನ ಕುಡಿಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ. ತೋಡಿಗೆ ಮುಚ್ಚಳ ಹಾಕುವುದು ಹೇಗೆ? ಬರೆದವರು ಒಂದು ಸಲ ನಮ್ಮೂರಿಗೆ ಬಂದು, ಒಂದು ಮನೆಯಲ್ಲಿ ನೀರು ಕೇಳಿ ಕುಡಿದಿದ್ದರೆ ಆ ಸೂಚನೆ ಹಾಗೆ ಇರುತ್ತಿರಲಿಲ್ಲ. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರು ಬರಲಿಲ್ಲ, ಅಷ್ಟೇ. ಆ ಬಾರದೇ ಇದ್ದದ್ದಕ್ಕೆ ಇಲ್ಲಿ ಮಕ್ಕಳು ಬೆಲೆ ತೆತ್ತರು.

ಬಂದು ನೋಡಿದವರೂ ಇದ್ದರು. ವಾಣಿನಗರದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ಜಾಗದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಯಾಕೆ ಅಂತ ಕೇಳಲು ಶುರು ಮಾಡಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದರು. ಲೀಲಾಕುಮಾರಿ ಅಮ್ಮ ಹೊಸದುರ್ಗದ ಕೋರ್ಟಿಗೆ ಹೋಗಿ ಸಿಂಪಡಣೆ ನಿಲ್ಲಿಸಿ ಅಂತ ಕೇಸು ಹಾಕಿದರು. ಲೀಲಾಕುಮಾರಿ ಅಮ್ಮ ಯಾರು ಗೊತ್ತಾ? ಕೃಷಿ ಇಲಾಖೆಯ ನೌಕರರು. ಸರಕಾರದ ಸಂಬಳ ತೆಗೆದುಕೊಳ್ಳುತ್ತಿದ್ದವರೇ ಸರಕಾರಿ ಸಂಸ್ಥೆಯ ವಿರುದ್ಧ ನಿಂತರು. ಹಾಗಾಗಿ ಸರಕಾರದಲ್ಲಿ ಇರುವವರಿಗೆ ಹೃದಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಒಪ್ಪದೇ ಇರಲು ಇನ್ನೂ ಒಂದು ಕಾರಣ ಇದೆ. ಪೆನ್ಷನಿಗೆ ಮಸ್ಟರಿಂಗ್ ಮಾಡಿಸಬೇಕಲ್ವಾ, ವ್ಯಕ್ತಿ ಬದುಕಿದ್ದಾರೆ ಅಂತ ಬೆರಳಚ್ಚು ಕೊಡುವುದು. ಹಾಸಿಗೆ ಹಿಡಿದವರ ಮನೆಗೆ, ಸರಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದವರೇ ಬರುತ್ತಾರೆ. ಒಂದು ಸಲ ಅಕ್ಕನ ಮನೆಗೆ ಒಬ್ಬ ಹುಡುಗ ಮೆಷಿನ್ ಹಿಡಿದುಕೊಂಡು ಬಂದಿದ್ದ. ಮಗನ ಮುಷ್ಟಿ ಬಿಚ್ಚುವುದಿಲ್ಲ. ಎಳೆದರೆ ನೋವಿಗೆ ಇಡೀ ಮೈ ಸೆಟೆಯುತ್ತದೆ. ಆ ಹುಡುಗ ಬ್ಯಾಗು ಬದಿಗಿಟ್ಟು ನೆಲದಲ್ಲಿ ಮಂಡಿಯೂರಿದ. ಮಗನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದು ಸುಮ್ನೆ ಕೂತ. ತುಳುವಿನಲ್ಲಿ ಏನೇನೋ ಮಾತಾಡಿದ, ಮಳೆಯ ಬಗ್ಗೆ, ಅಂಗಳದ ಬೆಕ್ಕಿನ ಬಗ್ಗೆ. ಕಾಲು ಗಂಟೆ ಆದ ಮೇಲೆ ಹೆಬ್ಬೆರಳು ಸ್ವಲ್ಪ ಸಡಿಲ ಆಯಿತು. ಮೆಲ್ಲಗೆ ಒತ್ತಿಸಿದ. ಮೆಷಿನ್ ಅಚ್ಚು ತೆಗೆದುಕೊಳ್ಳಲಿಲ್ಲ. ಮತ್ತೆ ಕೂತ. ಮೂರನೇ ಸಲ ಆಯಿತು. ಚಹಾ ಕುಡಿದು ಹೋಗಿ ಅಂದರೆ, ಇನ್ನೂ ಎರಡು ಮನೆ ಉಂಟು ಅಂತ ಹೊರಟ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಕೂಡ ಹಾಗೆಯೇ. ಮಳೆಗಾಲದಲ್ಲಿ ಜೀಪು ಬಾರದ ಏರಿನಲ್ಲಿ ನಡೆದು ಬಂದು ಬೆನ್ನಿನ ಹುಣ್ಣು ತೊಳೆದು ಮದ್ದು ಹಾಕಿ ಹೋಗುತ್ತಾರೆ. ಇದೂ ಸರಕಾರವೇ. ಇದನ್ನು ಹೇಳದೆ ಬೈಗುಳ ಮಾತ್ರ ಬರೆದರೆ ಅನ್ಯಾಯ ಆಗುತ್ತದೆ.

ಅದೇ ಮನೆಯವರಿಗೆ ಆದ ಇನ್ನೊಂದು ಕಥೆ ಕೇಳಿ. ಮಗನ ಅಂಗವೈಕಲ್ಯ ಸರ್ಟಿಫಿಕೇಟಿನಲ್ಲಿ ಐದು ವರ್ಷದ ಅವಧಿ ಅಂತ ಬರೆದಿತ್ತು. ಅವಧಿ ಮುಗಿಯಿತು. ಒಂದು ಕಛೇರಿಗೆ ಹೋದೆವು, ಅಕ್ಕ ಮತ್ತು ನಾನು. ಅಕ್ಕನ ಕೈಯಲ್ಲಿ ಜವಳಿ ಅಂಗಡಿಯ ಹಳೆ ಪ್ಲಾಸ್ಟಿಕ್ ಚೀಲ. ಮಗನ ಮೂವತ್ತು ವರ್ಷದ ಕಾಗದ ಅದರಲ್ಲಿದೆ. ಆಸ್ಪತ್ರೆ ಚೀಟಿ, ಶಿಬಿರದ ಟೋಕನ್, ಪಡಿತರ ಚೀಟಿಯ ಪ್ರತಿ, ಮಡಚಿ ಮಡಚಿ ಅಂಚು ಹರಿದವು. ಯಾವುದು ಯಾವುದು ಅಂತ ಅಕ್ಕನಿಗೆ ಓದದೆಯೇ ಗೊತ್ತು, ಬಣ್ಣ ನೋಡಿ ಹೇಳುತ್ತಾರೆ. ಕೌಂಟರಿನಲ್ಲಿದ್ದವರು ಒಂದೊಂದೇ ನೋಡಿದರು. ಜೋರು ಮಾಡಲಿಲ್ಲ. ಕೊನೆಗೆ, ಹೊಸ ಸರ್ಟಿಫಿಕೇಟ್ ಬೇಕು, ಡಾಕ್ಟರುಗಳ ಮೆಡಿಕಲ್ ಬೋರ್ಡ್ ಕೂರುವ ದಿನ ಮಗನನ್ನು ಕರ್ಕೊಂಡು ಹೋಗಿ ಮಾಡಿಸಿ ಅಂದರು, ಮಲಯಾಳಂನಲ್ಲಿ. ಅಕ್ಕನಿಗೆ ಅರ್ಧ ಅರ್ಥ ಆಯಿತು. ನನ್ನ ಮುಖ ನೋಡಿದರು. ನಾನು ಹೇಳಿದೆ. "ಐದು ವರ್ಷದಲ್ಲಿ ಇವ ಎದ್ದು ನಡೆದಿರಬಹುದು ಅಂತ ಅವರಿಗೆ ಸಂಶಯವಾ ಮಾಷ್ಟ್ರೇ?" ಅಂತ ಕೇಳಿದರು. ಸಿಟ್ಟಿನಲ್ಲಿ ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ನಾನು ಆ ಪ್ರಶ್ನೆಯನ್ನು ಮಲಯಾಳಂಗೆ ಮಾಡಿ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನಿಸುತ್ತದೆ.

ಆ ದಿನಕ್ಕೆ ಬಾಡಿಗೆ ಜೀಪು, ಎತ್ತಲು ಇಬ್ಬರು ಜನ, ದಾರಿಯಲ್ಲಿ ನಾಲ್ಕು ಸಲ ನಿಲ್ಲಿಸಿ ಬಟ್ಟೆ ಬದಲಿಸಿದ್ದು, ಸಾಲಿನಲ್ಲಿ ಮಧ್ಯಾಹ್ನದ ವರೆಗೆ ಕಾದದ್ದು. ಡಾಕ್ಟರು ನೋಡಿದ್ದು ಎರಡು ನಿಮಿಷ. ನೋಡಿದ ಕೂಡಲೇ ಗೊತ್ತಾಗುತ್ತದೆ ತಾನೆ. ಕೇರಳ ಸರಕಾರದ ಸ್ನೇಹಸಾಂತ್ವನಂ ಯೋಜನೆಯಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಿಂಗಳಿಗೆ ಸಿಗುವುದು 1200ರಿಂದ 2200 ರೂಪಾಯಿ. ಆ ಒಂದು ದಿನಕ್ಕೆ ಅಕ್ಕನಿಗೆ ಅದಕ್ಕಿಂತ ಜಾಸ್ತಿ ಖರ್ಚಾಯಿತು.

ಕೌಂಟರಿನವರು ತಪ್ಪು ಮಾಡಲಿಲ್ಲ. ನಿಯಮ ಹಾಗೆ ಇದೆ. ನಾನು ಜಗಳ ಮಾಡುತ್ತಿರುವುದು ಆ ನಿಯಮದ ಜೊತೆ. ರೋಗಿ ಸುಳ್ಳು ಹೇಳುತ್ತಿರಬಹುದು ಅಂತ ಮೊದಲೇ ಲೆಕ್ಕ ಹಾಕಿ ಬರೆದ ನಿಯಮ ಅದು. ಎಂಡೋಸಲ್ಫಾನಿನ ಇಡೀ ಕಥೆಯಲ್ಲಿ ಈ ಸಂಶಯವೇ ಕಾಣುತ್ತದೆ. ಮೊದಲು, ಕಾಯಿಲೆಗೆ ಕಾರಣ ಇದೇ ಅಂತ ಸಾಬೀತು ಮಾಡಿ. ಆಮೇಲೆ, ಸಂತ್ರಸ್ತರ ಪಟ್ಟಿಗೆ ಸೇರಬೇಕಾದರೆ ವೈದ್ಯಕೀಯ ಶಿಬಿರಕ್ಕೆ ಬನ್ನಿ. ಶಿಬಿರಕ್ಕೆ ಬಂದರೂ ಹೆಸರು ಉಳಿಯುತ್ತದೆ ಅಂತ ಇಲ್ಲ. 2017ರ ಶಿಬಿರದ ನಂತರ ಹೊರಗೆ ಬಿದ್ದ 1031 ಮಂದಿಗಾಗಿ ಎಷ್ಟು ವರ್ಷ ಹೋರಾಟ ನಡೆಯಿತು ನೋಡಿ. ಒಂದು ಹಂತದಲ್ಲಂತೂ 2011ರ ಅಕ್ಟೋಬರ್ 25ರ ನಂತರ ಹುಟ್ಟಿದ ಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಹೊರಟರು. ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೆ ಗರ್ಭದಲ್ಲಿರುವ ಮಗುವಿಗೆ ಗೊತ್ತಾಗುತ್ತದಾ?

ಪರಿಹಾರದ ದುಡ್ಡಿನದ್ದೂ ಅದೇ ಹಾಡು. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿ ಅಂತ ಹೇಳಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಮಾಡಿತು. ಮೂರು ತಿಂಗಳು ಹೋಗಿ ಐದು ವರ್ಷ ಆಯಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಲೆಕ್ಕ ಬಂದಾಗ, 3704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು 8 ಮಂದಿಗೆ. ಎಂಟು. ಕೋರ್ಟಿಗೆ ಹೋದ ಎಂಟು ಮಂದಿಗೆ. ಈ ಸಂಖ್ಯೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೋರ್ಟ್ ಖಾರವಾಗಿ ಮಾತಾಡಿದ ಮೇಲೆ ಉಳಿದವರಿಗೂ ದುಡ್ಡು ಬರಲು ಶುರುವಾಯಿತು, ಬೇಗ ಬೇಗ ಬಂತು. ಅಂದರೆ ದುಡ್ಡೂ ಇತ್ತು, ಪಟ್ಟಿಯೂ ಇತ್ತು, ಖಾತೆ ನಂಬರೂ ಇತ್ತು. ಆ ಐದು ವರ್ಷದಲ್ಲಿ ಸತ್ತು ಹೋದವರಿಗೆ ಏನು ಹೇಳುವುದು?

ಇದೇ ಕಾರಣಕ್ಕೆ "ನಮ್ಮ ಸರಕಾರಕ್ಕೆ ಸಾಮರ್ಥ್ಯ ಇಲ್ಲ" ಅನ್ನುವ ಮಾತು ನನಗೆ ಸರಿ ಅನಿಸುವುದಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜನ್ನೇ ನೋಡಿ. 2013ರ ನವೆಂಬರಿನಲ್ಲಿ ಶಿಲಾನ್ಯಾಸ ಆಯಿತು. ಒಂದು ಸರಕಾರ ಹೋಗಿ ಇನ್ನೊಂದು ಬಂತು. 2020ರ ವರೆಗೂ ಅಲ್ಲಿ ಒಬ್ಬ ರೋಗಿಗೂ ಒಂದು ಮಾತ್ರೆ ಕೊಟ್ಟದ್ದಿಲ್ಲ. ಕೊರೊನಾ ಬಂತು ನೋಡಿ, ತಿರುವನಂತಪುರದಿಂದ ಡಾಕ್ಟರುಗಳು ಬಂದರು, ಕೆಲವೇ ದಿನದಲ್ಲಿ ಅದೇ ಕಟ್ಟಡ ಆಸ್ಪತ್ರೆ ಆಯಿತು. ಆ ಮೊದಲ ಅಲೆಯಲ್ಲಿ ನಮ್ಮ ಜಿಲ್ಲೆ ಮಾಡಿದ ಕೆಲಸವನ್ನು ದೇಶವೇ ಹೊಗಳಿತು. ನಾನೂ ಕೈ ಎತ್ತಿ ಮುಗಿದಿದ್ದೇನೆ. ಆದರೆ ಆ ಕೆಲವು ದಿನದ ವೇಗ ಹಿಂದಿನ ಆರು ವರ್ಷ ಎಲ್ಲಿತ್ತು ಅಂತ ಕೇಳಬೇಕಲ್ವಾ? ಕೊರೊನಾ ಎಲ್ಲರಿಗೂ ಬರುವ ಕಾಯಿಲೆ. ಅಕ್ಕನ ಮಗನದ್ದು ಯಾರಿಗೂ ಅಂಟುವುದಿಲ್ಲ. ನನಗೆ ಬೇರೆ ಉತ್ತರ ಹೊಳೆಯುವುದಿಲ್ಲ.

ಇದನ್ನು ಓದಿ "ಅದಕ್ಕೇ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕಿತ್ತು" ಅಂತ ಕಮೆಂಟ್ ಹಾಕುವವರು ಇದ್ದಾರೆ, ಗೊತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ನನಗೂ ಇದೆ. ಚಂದ್ರಗಿರಿ ಹೊಳೆಯಿಂದ ಈಚಿನದ್ದು ಕರ್ನಾಟಕಕ್ಕೆ ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿದ್ದು ನಮ್ಮ ಮನೆಗಳಲ್ಲಿ ಬಾಯಿಪಾಠ. ಆದರೆ 2020ರ ಮಾರ್ಚ್ ಮರೆಯಲಿಕ್ಕಾಗುತ್ತದಾ? ತಲಪಾಡಿಯಲ್ಲಿ ಗಡಿ ಮುಚ್ಚಿದರು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ಜೀವ ಬಿಟ್ಟರು. ಮಣ್ಣು ಹಾಕಿದ್ದು ಕನ್ನಡ ಮಾತಾಡುವ ಸರಕಾರ. ಹೈಕೋರ್ಟ್, ಸುಪ್ರೀಂ ಕೋರ್ಟ್ ವರೆಗೆ ಹೋಗಿ, ರೋಗಿಗಳನ್ನು ಬಿಡಿ ಅಂತ ಕೇಳಬೇಕಾಯಿತು. ಕರ್ನಾಟಕದ ಕೊಕ್ಕಡದ ಕಡೆಯೂ ಇದೇ ವಿಷ ಬಿದ್ದಿದೆ, ಅಲ್ಲಿನ ತಾಯಂದಿರೂ ನಮ್ಮ ಅಕ್ಕನ ಹಾಗೆಯೇ ಕಾಗದ ಹಿಡಿದು ಅಲೆದವರೇ. ಗಡಿಯಲ್ಲಿ ಇರುವವರು ಎರಡೂ ಸರಕಾರಗಳನ್ನು ಹತ್ತಿರದಿಂದ ಕಂಡಿದ್ದೇವೆ.

ಭಾಷೆಯ ವಿಷಯ ಮಾತ್ರ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಿಂದಲೇ ಬಂದದ್ದು. ಅದು ಯಾರೋ ಕೊಟ್ಟ ದಾನ ಅಲ್ಲ. ತಾಯಿಯೊಬ್ಬಳು ತನ್ನ ಮಗನ ಕಾಯಿಲೆಯನ್ನು ತನಗೆ ಬರುವ ಮಾತಿನಲ್ಲಿ ಹೇಳಬೇಕು, ಕೇಳುವವರಿಗೆ ಅದು ಅರ್ಥ ಆಗಬೇಕು. ಆ ಅಕ್ಷಯದ ಹುಡುಗ ತುಳುವಿನಲ್ಲಿ ಮಾತಾಡಿದ್ದಕ್ಕೇ ಮುಷ್ಟಿ ಸಡಿಲ ಆಯಿತು ಅಂತ ಅಕ್ಕ ಇವತ್ತಿಗೂ ನಂಬುತ್ತಾರೆ. ನಾನೂ ನಂಬುತ್ತೇನೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಹಾಸಿಗೆ ಹಿಡಿದವರಿಗೆ ಸರ್ಟಿಫಿಕೇಟ್ ಒಂದೇ ಸಲ ಕೊಡಿ, ಜೀವ ಇರುವ ವರೆಗೆ ನಡೆಯುವಂಥದ್ದು. ಬೆರಳಚ್ಚಿಗೆ ಮನೆಗೆ ಬರಲು ಆಗುತ್ತದೆ ಅಂತಾದರೆ ಬೋರ್ಡಿನ ಡಾಕ್ಟರೂ ಮನೆಗೆ ಬರಲಿ. ಮತ್ತೆ, ತಾಯಂದಿರಿಗೆ ವಯಸ್ಸಾಗುತ್ತಿದೆ. 2019ರಲ್ಲಿ ಮಕ್ಕಳನ್ನು ಹೊತ್ತು ರಾತ್ರಿಯಿಡೀ ರೈಲಿನಲ್ಲಿ ಕೂತು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತವರಿಗೆ ಈಗ ಸೊಂಟ ನೋವು, ಸಕ್ಕರೆ ಕಾಯಿಲೆ. ಅವರ ನಂತರ ಈ ಮಕ್ಕಳನ್ನು ನೋಡುವವರು ಯಾರು? ಸಂತ್ರಸ್ತರಿಗೆ ಅಂತ ಹೇಳಿದ ಮುಳಿಯಾರಿನ ಪುನರ್ವಸತಿ ಗ್ರಾಮದ ಮಾತು ಕೇಳಿ ಕೇಳಿ ವರ್ಷಗಳೇ ಕಳೆದವು. ಪಕ್ಷ ಯಾವುದೇ ಇರಲಿ, ಓಟು ಕೇಳಿಕೊಂಡು ಬಂದವರ ಹತ್ತಿರ ಮೊದಲು ಇದನ್ನೇ ಕೇಳಿ.

ಮುಂದಿನ ವಾರ ಮತ್ತೊಂದು ಕಾಗದಕ್ಕೆ ಹೋಗಲಿಕ್ಕಿದೆ. ಈ ಸಲ ಅಕ್ಕ ಬರುವುದು ಬೇಡ, ನಾನೇ ಹೋಗುತ್ತೇನೆ ಅಂದಿದ್ದೇನೆ. ಅವರು ಚೀಲ ತಂದು ಕೊಟ್ಟರು, ಹಸಿರು ಕಾಗದ ಮೇಲೆ ಇಟ್ಟಿದ್ದೇನೆ, ಕೇಳಿದರೆ ಅದನ್ನೇ ಮೊದಲು ಕೊಡಿ ಅಂದರು. ಅರ್ಜಿ ಕನ್ನಡದಲ್ಲಿ ಬರೆದಿದ್ದೇನೆ. ಉತ್ತರ ಬಂದ ದಿನ, ಯಾವ ಭಾಷೆಯಲ್ಲಿ ಬಂತು, ಎಷ್ಟು ದಿನಕ್ಕೆ ಬಂತು ಅಂತ ಇಲ್ಲೇ ಬರೆಯುತ್ತೇನೆ.