ತರಕಾರಿ ತಿಂದ್ರೆ ಚಾಕಲೇಟ್ ಅನ್ನೋ ಸಲಹೆ ಬಗ್ಗೆ

ಮಕ್ಕಳಿಗೆ ಊಟ ಮಾಡಿಸೋ ಬಗ್ಗೆ ನೀವು ಬರೆದಿರೋ ಲೇಖನದಲ್ಲಿ ಮಿಕ್ಕಿದ್ದೆಲ್ಲ ಓಕೆ, ಆದ್ರೆ "ತರಕಾರಿ ಮುಗಿಸಿದ್ರೆ ಚಾಕಲೇಟ್ ಕೊಡ್ತೀನಿ ಅಂತ ಹೇಳಿ ತಟ್ಟೆ ಖಾಲಿ ಮಾಡಿಸಿ" ಅಂತ ಬರೆದಿದ್ದೀರಲ್ಲ, ಅದನ್ನ ಮಾತ್ರ ಒಪ್ಪಕ್ಕಾಗಲ್ಲ. ಮಗುಗೆ ಇದ್ರಿಂದ ತಲೆಗೆ ಹೋಗೋದು ಒಂದೇ, ತರಕಾರಿ ಅಂದ್ರೆ ಕಷ್ಟಪಟ್ಟು ನುಂಗೋ ವಸ್ತು, ಚಾಕಲೇಟ್ ಅಂದ್ರೆ ಬಹುಮಾನ. ಅಷ್ಟಕ್ಕೂ ತಟ್ಟೆ ಯಾಕೆ ಖಾಲಿ ಆಗ್ಲೇಬೇಕು? ಮೊದಲ ವರ್ಷದಲ್ಲಿ ಮಗುವಿನ ತೂಕ ಹೆಚ್ಚುಕಮ್ಮಿ ಮೂರು ಪಟ್ಟಾಗುತ್ತೆ, ಆಮೇಲೆ ವರ್ಷಕ್ಕೆ 2 ಕೆಜಿ ಆಸುಪಾಸು ಅಷ್ಟೇ, ಹಂಗಾಗಿ ಹಸಿವು ಕಮ್ಮಿ ಆಗೋದು ಸಹಜ, ಅದನ್ನೇ ಹಠ ಅಂದ್ಕೊಂಡು ನಾವು ಸ್ಪೂನ್ ಹಿಡ್ಕೊಂಡು ಮನೆಯೆಲ್ಲ ಹಿಂದೆ ಓಡ್ತೀವಿ (ಫೋನ್ ತೋರಿಸಿ ಬಾಯಿಗೆ ತುರುಕೋದು ಬೇರೆ). ಎಲಿನ್ ಸ್ಯಾಟರ್ ಅನ್ನೋ ಅಮೆರಿಕದ ಡಯಟೀಷಿಯನ್ ಹೇಳಿದ್ದು ನಂಗೆ ಸರಿ ಅನ್ಸುತ್ತೆ, ಏನು ಕೊಡಬೇಕು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೆಲಸ, ತಿನ್ನಬೇಕಾ ಬೇಡ್ವಾ, ಎಷ್ಟು ಅನ್ನೋದು ಮಗುಗೆ ಬಿಟ್ಟಿದ್ದು. ಹೊಸ ತರಕಾರಿ ಒಂದೆರಡು ಸಲ ಉಗುಳಿದ ತಕ್ಷಣ "ಇವನಿಗೆ ಇದು ಸೇರಲ್ಲ" ಅಂತ ತೀರ್ಮಾನ ಮಾಡ್ಬೇಡಿ, ಎಷ್ಟೋ ಮಕ್ಕಳಿಗೆ 8-10 ಸಲ, ಕೆಲವರಿಗೆ 15 ಸಲ ರುಚಿ ನೋಡಿದ ಮೇಲೇ ಒಗ್ಗೋದು. ಸ್ವಲ್ಪ ಸ್ವಲ್ಪ ಇಡ್ತಾ ಇರಿ, ಬಲವಂತ ಬೇಡ, ನೀವೂ ಪಕ್ಕದಲ್ಲಿ ಕೂತು ಅದನ್ನೇ ತಿನ್ನಿ.

ಇನ್ನೊಂದು, ಹಾಲಿನ ವಿಷಯ ನೀವು ಬರೆದೇ ಇಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡ ಲೋಟ ಹಾಲು ಕುಡಿಸಿ ಆಮೇಲೆ ಮಗು ಊಟಾನೇ ಮಾಡಲ್ಲ ಅಂತ ಡಾಕ್ಟರ್ ಹತ್ರ ಓಡೋರು ಎಷ್ಟು ಜನ ಇದ್ದಾರೆ! ಹಾಲು ಜಾಸ್ತಿ ಆದ್ರೆ ಕಬ್ಬಿಣಾಂಶ ಕಮ್ಮಿ ಆಗೋ ರಿಸ್ಕೂ ಇದೆ, ಅದನ್ನೂ ಸೇರಿಸಿ ದಯವಿಟ್ಟು.